ಗಡ್ಡೆಯೊಳಗೆ ಬಿಚ್ಚಿಕೊಳ್ಳುವ ಔಷಧ ಕಣಗಳು

ಪ್ರಶ್ನೆ: ಸುತ್ತಲಿನ ಬದಲಾವಣೆಗೆ ಸ್ಪಂದಿಸುವ, ಸರಪಳಿಯಂಥ ಉದ್ದ ಅಣುಗಳ ವಸ್ತುವಾದ ಸ್ಮಾರ್ಟ್ ಪಾಲಿಮರ್‌ನಿಂದ ಮಾಡಿದ ನ್ಯಾನೊ ಕಣಗಳು ಕ್ಯಾನ್ಸರ್ ಗಡ್ಡೆಯನ್ನೇ ಹುಡುಕಿಕೊಂಡು ಹೋಗಿ, ಅಲ್ಲಿ ಮಾತ್ರ ಔಷಧವನ್ನು ಬಿಡುತ್ತವೆ ಎಂದು ಓದಿದ್ದೇನೆ. ಇದು ನಿಜವೇ? ನಿಜವಾದರೆ ಕಿಮೊಥೆರಪಿ ಪಡೆಯುವವರು ಇಂದಿಗೂ ಅಷ್ಟೊಂದು ಯಾತನೆ ಪಡುವುದೇಕೆ?

ಉತ್ತರ: ‘ಹುಡುಕಿಕೊಂಡು ಹೋಗುತ್ತವೆ’ ಎಂಬ ಮಾತನ್ನು ಮೊದಲು ತಿದ್ದಿಕೊಳ್ಳಬೇಕು. ರಕ್ತನಾಳಕ್ಕೆ ಸೇರಿಸಿದ ಕಣಕ್ಕೆ ದಾರಿ ತಿಳಿದಿರುವುದಿಲ್ಲ. ರಕ್ತ ಹರಿದಲ್ಲೆಲ್ಲ ಅದೂ ಹರಿಯುತ್ತದೆ. ಅದರ ಜಾಣತನವಿರುವುದು ಔಷಧವನ್ನು ಎಲ್ಲಿ ಬಿಡಬೇಕು ಎಂಬುದರಲ್ಲಿ.

ಅವಸರದಲ್ಲಿ ಬೆಳೆದ ಗಡ್ಡೆಯ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುತ್ತವೆ, ಒಳಗೆ ಸೋರಿದ್ದನ್ನು ಹೊರಕ್ಕೆ ಒಯ್ಯುವ ದುಗ್ಧನಾಳಗಳ ವ್ಯವಸ್ಥೆಯೂ ಸರಿಯಾಗಿರುವುದಿಲ್ಲ. ಆದ್ದರಿಂದ ದೊಡ್ಡ ಅಣುಗಳು ಅಲ್ಲಿ ಸೋರಿ ಉಳಿಯುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿದರು. ಕಣದ ಗಾತ್ರ ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡ ಅದನ್ನು ಸೋಸಿ ಹಾಕುತ್ತದೆ, ತೀರಾ ದೊಡ್ಡದಾದರೆ ಯಕೃತ್ತು ಮತ್ತು ಗುಲ್ಮ ಹಿಡಿದಿಡುತ್ತವೆ.

ಇನ್ನು ಬಿಡುಗಡೆಯ ವಿಚಾರ. ಪಿಎಚ್ ಎಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ ಮೌಲ್ಯ 7.4; ಗಡ್ಡೆಯ ಜೀವಕೋಶಗಳ ಸುತ್ತ ಅದು ಹಲವು ಬಾರಿ 6.5ರಿಂದ 6.9ರಷ್ಟಿರುತ್ತದೆ, ಅಂದರೆ ತುಸು ಹುಳಿ. ಜೀವಕೋಶವು ಕಣವನ್ನು ಪುಟ್ಟ ಚೀಲವೊಂದರಲ್ಲಿ ಸುತ್ತಿ ನುಂಗಿದ ಮೇಲೆ ಆ ಚೀಲದೊಳಗಿನ ಹುಳಿ ಏರುತ್ತ ಹೋಗಿ ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ. ಅಮೀನ್ ಎಂಬ ಸಾರಜನಕವುಳ್ಳ ಪರಮಾಣು ಗುಂಪುಗಳಿರುವ ಪಾಲಿಮರನ್ನು ಬಳಸಿದ್ದರೆ, ಆ ಗುಂಪುಗಳು ಈ ಹುಳಿಯಲ್ಲಿ ಪ್ರೋಟಾನುಗಳನ್ನು ಹಿಡಿದುಕೊಂಡು ಧನಾವೇಶ ಪಡೆಯುತ್ತವೆ. ಅಲ್ಲಿಯವರೆಗೆ ನೀರಿಗೆ ಬೆನ್ನು ಹಾಕಿ ಮುದುಡಿ ಕುಳಿತಿದ್ದ ಸರಪಳಿಗಳು ಒಂದನ್ನೊಂದು ತಳ್ಳುತ್ತ, ನೀರು ಹೀರಿ, ಬಿಚ್ಚಿಕೊಳ್ಳುತ್ತವೆ, ಒಳಗಿದ್ದ ಔಷಧ ಹೊರಬೀಳುತ್ತದೆ. ಒಂದು ಸಣ್ಣ ರಾಸಾಯನಿಕ ವ್ಯತ್ಯಾಸವನ್ನೇ ಬೀಗದ ಕೈಯಾಗಿಸಿದ ಈ ವಿನ್ಯಾಸ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಶಾಖಕ್ಕೆ ಸ್ಪಂದಿಸುವ ಪಾಲಿಮರುಗಳೂ ಇವೆ.

ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕಹಿಯಾದದ್ದು. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ) ಲೆಕ್ಕದಲ್ಲಿ ಕೇವಲ ಶೇಕಡಾ 0.7. ಅದರ ಮೇಲೆ, ಮನುಷ್ಯರ ಗಡ್ಡೆಗಳಲ್ಲಿ ರಕ್ತನಾಳಗಳ ಸೋರಿಕೆ ಒಬ್ಬರಿಂದೊಬ್ಬರಿಗೆ, ಒಬ್ಬರಲ್ಲೇ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಬೇರೆಯಾಗಿರುತ್ತದೆ. ಇಲಿಯಲ್ಲಿ ಕಂಡ ಯಶಸ್ಸು ರೋಗಿಯಲ್ಲಿ ಕಾಣದಿರಲು ಇದು ಮುಖ್ಯ ಕಾರಣ.

ಹಾಗೆಂದು ಈ ದಾರಿಯಿಂದ ಏನೂ ದಕ್ಕಿಲ್ಲವೆಂದಲ್ಲ. ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಪಾಲಿಮರ್ ಕಣವೊಂದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವನ್ನು, ತೀವ್ರ ಅಲರ್ಜಿ ತರಬಲ್ಲ ಹಳೆಯ ದ್ರಾವಕದ ನೆರವಿಲ್ಲದೆ ಹೊತ್ತೊಯ್ಯುತ್ತದೆ. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್, ಪಾಲಿಮರ್ ಹೊದಿಕೆಯ ಕೊಬ್ಬಿನ ಕಣ. ಅದರೊಳಗೆ ಸೇರಿದ ಕ್ಯಾನ್ಸರ್ ಔಷಧ ಡಾಕ್ಸೊರೂಬಿಸಿನ್ ಹೃದಯಕ್ಕೆ ಮಾಡುವ ಹಾನಿ ಗಣನೀಯವಾಗಿ ತಗ್ಗಿತು. ಆದರೆ ಈ ಎರಡೂ ಪಿಎಚ್ ನೋಡಿ ಬಿಚ್ಚಿಕೊಳ್ಳುವ ಜಾಣ ಕಣಗಳಲ್ಲ. ಅಲ್ಲದೆ ಡಾಕ್ಸಿಲ್ ಪಡೆದ ಹಲವರಿಗೆ, ಸಾಮಾನ್ಯ ಡಾಕ್ಸೊರೂಬಿಸಿನ್‌ನಲ್ಲಿ ಅಪರೂಪವಾಗಿದ್ದ ಇನ್ನೊಂದು ತೊಂದರೆ ಕಾಣಿಸಿಕೊಂಡಿತು: ಅಂಗೈ, ಅಂಗಾಲುಗಳ ಚರ್ಮ ಕೆಂಪೇರಿ, ಉರಿದು, ಸುಲಿಯುವುದು.