ಬೋಟಿನ ಟರ್ಬೊ ಹೋಯ್ತು, ರಿಪೇರಿಯೋ ಹೊಸದೋ?

ಪ್ರಶ್ನೆ: ಸರ್, ನಾನಿರೋದು ರಾಜಾಜಿನಗರದಲ್ಲಿ. ನನ್ನ ಭಾವನದ್ದು ಮಲ್ಪೆಯಲ್ಲಿ ಮೀನುಗಾರಿಕೆ ಬೋಟ್ ಇದೆ, ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಮೇ ಕೊನೆಯ ಟ್ರಿಪ್ಪಿನಲ್ಲಿ ಎಂಜಿನ್ ಎಳೆಯಲೇ ಇಲ್ಲವಂತೆ. ಕಪ್ಪು ಹೊಗೆ, ಸೀಟಿ ಹೊಡೆದ ಹಾಗೆ ಶಬ್ದ. ಟರ್ಬೊ (ಎಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಭಾಗ) ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ್ದಾರೆ. ಎರಡು ವರ್ಷದ ಹಿಂದೆಯೂ ಇದೇ ಹೋಗಿ ಹೊಸದು ಹಾಕಿಸಿದ್ದರು. ಈಗ ಜೆ.ಸಿ. ರಸ್ತೆಯ ಕಡೆ ರಿಪೇರಿ ಮಾಡಿಸಲೇ, ಹೊಸದೇ ತರಲೇ? ಆಗಸ್ಟ್ 1ಕ್ಕೆ ಬೋಟ್ ಇಳಿಯಬೇಕು.

ಉತ್ತರ: ಎರಡೇ ವರ್ಷಕ್ಕೆ ಮತ್ತೆ ಹೋಗಿದೆ ಅಂದರೆ ತಪ್ಪು ಟರ್ಬೊದ್ದಲ್ಲ, ಅದನ್ನು ಕೊಲ್ಲುತ್ತಿರುವುದು ಬೇರೆ ಏನೋ ಇದೆ. ಅದು ಗೊತ್ತಾಗದೆ ಹೊಸದು ಹಾಕಿದರೆ ದುಡ್ಡು ಸುಮ್ನೆ ನೀರಿಗೆ.

ಮೊದಲು ನೀವೇ ನೋಡಿ. ಗಾಳಿ ಎಳೆಯುವ ಕಡೆಯ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, ಸ್ವಲ್ಪ ಆಟ ಇದ್ದೇ ಇರುತ್ತದೆ, ಗಾಬರಿ ಬೇಡ. ಆದರೆ ಹಿಂದೆ ಮುಂದೆ ಎಳೆದಾಗ ಕೈಗೆ ಆಟ ಗೊತ್ತಾದರೆ, ಅಥವಾ ರೆಕ್ಕೆಯ ತುದಿ ಹೌಸಿಂಗ್ (ಹೊರಕವಚ) ಗೋಡೆಗೆ ಉಜ್ಜಿದ ಗುರುತಿದ್ದರೆ ಬೇರಿಂಗ್ ಮುಗಿದಿದೆ. ರೆಕ್ಕೆ ಚಿಪ್ಪೆದ್ದಿದ್ದರೆ ಏರ್ ಫಿಲ್ಟರ್ ದಾಟಿ ಏನೋ ಒಳಗೆ ಹೋಗಿದೆ. ಎಂಜಿನ್ನಿನ ಬಿಸಿ ಹೊಗೆ ಬರುವ ಕಡೆ ತುಕ್ಕು, ಬಿಳಿ ಉಪ್ಪಿನ ಪದರ ಕಂಡರೆ ಸಮುದ್ರದ ನೀರು ವಾಪಸ್ ಬರುತ್ತಿದೆ. ಹೊಗೆ ತಣಿಸಲು ಎಕ್ಸಾಸ್ಟಿಗೆ ನೀರು ಬಿಡುವ ಬೋಟುಗಳಲ್ಲಿ ನೀರು ಸೇರುವ ಬೆಂಡ್ ಪೈಪ್ ಒಳಗಿನಿಂದಲೇ ಕೊರೆದುಹೋಗಿರುತ್ತದೆ, ಹೊರಗೆ ಗೊತ್ತೇ ಆಗಲ್ಲ. ಅದನ್ನು ಬದಲಿಸದಿದ್ದರೆ ಮುಂದಿನ ಟರ್ಬೊಗೂ ಇದೇ ಗತಿ.

ಶಾಫ್ಟ್ ನೀಲಿ ತಿರುಗಿದೆಯಾ? ಹಾಗಿದ್ದರೆ ಆಯಿಲ್ ಸಿಕ್ಕಿಲ್ಲ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಶಾಫ್ಟ್ ನಿಂತಿರುವುದು ತೆಳ್ಳನೆ ಆಯಿಲ್ ಪದರದ ಮೇಲೆ, ಕೆಲವು ಸೆಕೆಂಡ್ ಆಯಿಲ್ ತಪ್ಪಿದರೂ ಸಾಕು. ಬಂದರಿಗೆ ಫುಲ್ ಸ್ಪೀಡಲ್ಲಿ ಬಂದು ತಕ್ಷಣ ಎಂಜಿನ್ ಆಫ್ ಮಾಡುವ ಅಭ್ಯಾಸ ಇದೆಯಾ ಅಂತ ಭಾವನನ್ನು ಕೇಳಿ. ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಮೂರರಿಂದ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ನಿಲ್ಲಿಸಬೇಕು.

ಇನ್ನು ನಿಮ್ಮ ಪ್ರಶ್ನೆ. ಎರಡೂ ಹೌಸಿಂಗ್ ಬಿರುಕಿಲ್ಲದೆ, ಗೀರಿಲ್ಲದೆ ಇದ್ದರೆ ಒಳಗಿನ ಕಾರ್ಟ್ರಿಜ್ (ಶಾಫ್ಟ್, ಬೇರಿಂಗ್, ಚಕ್ರ ಸೇರಿದ ಸೆಟ್) ಮಾತ್ರ ಹಾಕಿಸಿ, ಖರ್ಚು ಕಡಿಮೆ. ಮೆಷಿನ್ ಮೇಲೆ ಬ್ಯಾಲೆನ್ಸ್ ಮಾಡಿಕೊಡುವವರ ಹತ್ತಿರವೇ ಹೋಗಿ. ಬರೀ ಬೇರಿಂಗ್ ಬದಲಿಸಿ ಕೈಯಲ್ಲಿ ತಿರುಗಿಸಿ ತೋರಿಸುವವರು ಬೇಡ. ಹೌಸಿಂಗ್ ಕೊರೆದಿದ್ದರೆ ಹೊಸದೇ ಗತಿ. ಆಗಲೂ ನೇಮ್‌ಪ್ಲೇಟಿನ ಪಾರ್ಟ್ ನಂಬರ್ ನೋಡಿ ತನ್ನಿ. ಲಾರಿಯದ್ದು ನೋಡಲು ಹಾಗೇ ಇರುತ್ತದೆ, ಆದರೆ ಬೋಟಿನ ಟರ್ಬೊದಲ್ಲಿ ಬಿಸಿ ಕಡೆಯ ಹೌಸಿಂಗ್ ಸುತ್ತ ಎಷ್ಟೋ ಸಲ ನೀರಿನ ಜಾಕೆಟ್ ಇರುತ್ತದೆ, ಎಂಜಿನ್ ರೂಮಿಗೆ ಬೆಂಕಿ ತಗಲಬಾರದು ಅಂತ.

ಕೂರಿಸುವಾಗ ಆಯಿಲ್ ಬರುವ ಪೈಪ್ ಹೊಸದಾಗಿರಲಿ, ವಾಪಸ್ ಹೋಗುವ ಪೈಪ್ ಪೂರ್ತಿ ತೊಳೆದಿರಲಿ. ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಆಯಿಲ್ ತೂತಿನ ಗ್ಯಾಸ್ಕೆಟ್‌ಗೆ ಸಿಲಿಕಾನ್ ಪೇಸ್ಟ್ ಬಳಿಯಬೇಡಿ, ಅದರ ಚೂರು ಬಿದ್ದೇ ಎಷ್ಟೋ ಬೇರಿಂಗ್ ಹೋಗಿವೆ. ಟರ್ಬೊದ ಆಯಿಲ್ ತೂತಿಗೆ ಮೇಲಿನಿಂದ ಒಂದಿಷ್ಟು ಆಯಿಲ್ ಸುರಿದು, ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಷರ್ ಬರುವ ತನಕ ಸ್ಟಾರ್ಟರಿನಲ್ಲಿ ಎಂಜಿನ್ ತಿರುಗಿಸಿ. ಗಾಳಿ ಪೈಪು, ಗಾಳಿ ತಣಿಸುವ ಕೂಲರ್ ಒಳಗೆ ಹಳೇ ಆಯಿಲ್ ನಿಂತಿದ್ದರೆ ಒರೆಸಿಬಿಡಿ. ಅದು ಜಾಸ್ತಿ ಇದ್ದರೆ ಎಂಜಿನ್ ಅದನ್ನೇ ಕುಡಿದು ಓಡತೊಡಗುತ್ತದೆ, ಆಫ್ ಮಾಡಿದರೂ ನಿಲ್ಲದು.

ಮತ್ತೆ, ಮಲ್ಪೆಗೆ ಕಳಿಸುವಾಗ ಗೋಣಿಚೀಲ ಬೇಡ ದಯವಿಟ್ಟು. ಎಲ್ಲಾ ತೂತಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿ ಟೇಪ್ ಸುತ್ತಿ. ಗೋಣಿಯ ಒಂದು ನಾರು ಆಯಿಲ್ ತೂತಿಗೆ ಸಿಕ್ಕಿದರೂ ಮಾಡಿದ ಕೆಲಸವೆಲ್ಲ ಹೋಯ್ತು.