ಕಂಬ ಸೀಳಿ ನರಸಿಂಹ ಬರುವ ಸೀನಿಗೆ ಯಾವ ಮೋಟಾರ್ ಒಳ್ಳೆಯದು?

ರಿಮೋಟ್ ಒತ್ತಿದರೆ ಕಂಬ ಎರಡಾಗಬೇಕು, ಒಳಗಿಂದ ನರಸಿಂಹ ಬರಬೇಕು, ಅದಕ್ಕೆ ಸರ್ವೋ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರ್) ಹಾಕಲಾ, ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಕಬ್ಬಿಣದ ಕಡ್ಡಿಯನ್ನು ಒಳಕ್ಕೆ ಎಳೆದುಕೊಳ್ಳುವ ಸುರುಳಿ) ಲಾಕ್ ಹಾಕಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಅಂತ ಹೇಳಲು ನನ್ನ ಕತೆಯನ್ನೇ ಹೇಳಬೇಕು.

ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಕಂಬ ಮಾಡಿದ್ದೆ. ಇದೇ ಪ್ರಹ್ಲಾದ ನಾಟಕಕ್ಕೆ, ಊರ ಹಬ್ಬಕ್ಕೆ. ನಮ್ಮದು ತುಮಕೂರು ಕಡೆಯ ಹಳ್ಳಿ. ಆಗಷ್ಟೇ ಐಟಿಐ ಫಿಟ್ಟರ್ ಮುಗಿಸಿ ವೆಲ್ಡಿಂಗ್ ಶಾಪಿಗೆ ಸೇರಿದ್ದೆ. ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ಹೇಗೆ ಅಂತ ನಿಮಗೂ ಗೊತ್ತಿರುತ್ತೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಹಾಡು, ಮಾತು ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆಗೆ ಬರುತ್ತೆ. ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಬಾಡಿಗೆ ಸೀನರಿಯವರು ತರುವ ಕಂಬ ಬಣ್ಣ ಬಳಿದ ಬಟ್ಟೆಯದು. ನರಸಿಂಹ ಅದನ್ನು ಸರಿಸಿಕೊಂಡು ಬರುತ್ತಾನೆ. ನನಗೆ ಅದು ಸಾಲದು ಅನ್ನಿಸಿತ್ತು.

ಅನ್ನಿಸಲು ಕಾರಣವೂ ಇತ್ತು. ಗುಬ್ಬಿ ನಮ್ಮ ಜಿಲ್ಲೆಯದೇ ಅಲ್ವಾ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದದ್ದನ್ನು ಮನೆಯ ಹಿರಿಯರು ನೂರು ಸಲ ಹೇಳಿದ್ದರು. ಟ್ರಿಕ್ ಸೀನ್ ಅಂದರೆ ಜನ ಎದ್ದು ನಿಲ್ಲುತ್ತಿದ್ದರಂತೆ. ನಮ್ಮೂರಲ್ಲೂ ಒಂದು ಸಲ ಜನ ಹಾಗೆ ಎದ್ದು ನಿಲ್ಲಬೇಕು ಅಂತ ನನಗಿತ್ತು.

ಏಳೂವರೆ ಅಡಿ ಎತ್ತರದ ಕಂಬ. ಸ್ಕ್ವೇರ್ ಪೈಪಿನ ಚೌಕಟ್ಟು. ಮುಂಭಾಗಕ್ಕೆ ಎರಡು ಬಾಗಿಲು, ಒಂದೊಂದಕ್ಕೂ ಮೂರು ಕೀಲು. ಬಾಗಿಲು ಸೇರುವ ಜಾಗವನ್ನು ನೇರ ಗೆರೆಯಲ್ಲಿ ಬಿಡಲಿಲ್ಲ, ಬಿರುಕಿನ ಹಾಗೆ ಅಂಕುಡೊಂಕಾಗಿ ಕತ್ತರಿಸಿದ್ದೆ. ಒಳಗಿಂದ ಸ್ಪ್ರಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತಿರುತ್ತೆ. ಬಾಗಿಲು ತೆರೆಯದಂತೆ ಎರಡೂ ಬಾಗಿಲಿಗೆ ಹಾಕಿದ ಬಳೆಗಳ ಮೂಲಕ ಒಂದು ಕಬ್ಬಿಣದ ಪಿನ್ನು. ಸ್ವಿಚ್ ಒತ್ತಿದರೆ 12 ವೋಲ್ಟಿನ ಸೊಲೆನಾಯ್ಡ್ ಆ ಪಿನ್ನನ್ನು ಮೇಲಕ್ಕೆ ಎಳೆಯುತ್ತೆ. ಪಿನ್ ಬಂದರೆ ಬಾಗಿಲು ಎರಡೂ ಕಡೆ ಹಾರಿ ತೆರೆದುಕೊಳ್ಳುತ್ತೆ. ಶಾಪಿನಲ್ಲಿ ಮೂವತ್ತು ಸಲ ನೋಡಿದೆ. ಮೂವತ್ತು ಸಲವೂ ಟಕ್ ಅಂತ ತೆರೆಯಿತು.

ಆ ಮೂವತ್ತು ಸಲವೂ ಕಂಬದ ಒಳಗೆ ಯಾರೂ ಇರಲಿಲ್ಲ.

ನಾಟಕದ ರಾತ್ರಿ ನರಸಿಂಹನ ವೇಷ ದೊಡ್ಡಪ್ಪನ ಮಗನದು. ನನಗೆ ಅಣ್ಣ. ಎಪ್ಪತ್ತೈದು ಕೆಜಿ ಆಳು, ಮೇಲೆ ಕಿರೀಟ, ಮುಖವಾಡ, ಉದ್ದ ಉಗುರು, ಜರಿಯ ಬಟ್ಟೆ. ಸೀನಿಗೆ ಇಪ್ಪತ್ತು ನಿಮಿಷ ಮುಂಚೆಯೇ ಅವನನ್ನು ಒಳಗೆ ನಿಲ್ಲಿಸಿ ಹಿಂಭಾಗದ ಹಲಗೆಗೆ ಬೋಲ್ಟ್ ಹಾಕಿದೆ. ಒಳಗೆ ನಿಂತವನು ಇಪ್ಪತ್ತು ನಿಮಿಷ ನೆಟ್ಟಗೆ ನಿಂತಾನಾ? ಮುಂದಿನ ಬಾಗಿಲಿಗೆ ಒರಗಿದ.

ಹಿರಣ್ಯಕಶಿಪು ‘ಈ ಕಂಬದಲ್ಲಿದ್ದಾನೆಯೋ ನಿನ್ನ ಹರಿ?’ ಅಂತ ಗದೆ ಎತ್ತಿ ಹೊಡೆದ. ನಾನು ಸ್ವಿಚ್ ಒತ್ತಿದೆ. ಒಳಗೆ ಟಕ್ ಅಂದದ್ದು ವಿಂಗಿನಲ್ಲಿ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿದ್ದ ನನಗೂ ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಮತ್ತೆ ಹೊಡೆದ. ಮತ್ತೆ ಟಕ್. ಮೇಷ್ಟ್ರು ಶ್ರುತಿ ಬಿಡದೆ ಅದೇ ಕಂದಪದ್ಯವನ್ನು ಇನ್ನೊಂದು ಸಲ ಹಾಡಿಸಿದರು. ಅಷ್ಟರಲ್ಲಿ ಒಳಗಿದ್ದ ಅಣ್ಣನಿಗೆ ಗಾಬರಿಯಾಗಿ ಎರಡೂ ಕೈಯಿಂದ ಬಾಗಿಲು ತಳ್ಳಲು ಶುರು ಮಾಡಿದ. ಕಂಬ ಅಲುಗಾಡಿತು. ಜನಕ್ಕೆ ಕಂಡಿತು. ಮೂರನೇ ಏಟಿಗೂ ಬಾಗಿಲು ಬರದಿದ್ದಾಗ ಮೇಷ್ಟ್ರು ಪರದೆ ಬಿಡಿಸಿದರು.

ಪರದೆ ಬಿದ್ದ ಮೇಲೂ ನಾನು ಸ್ವಿಚ್ ಒತ್ತಿಕೊಂಡೇ ನಿಂತಿದ್ದೆ. ಒಳಗೆ ಅಣ್ಣನ ಕೈ ಸೋತು ಹಿಂದಕ್ಕೆ ಕುಸಿದ. ಅವನು ಹಿಂದಕ್ಕೆ ಹೋದ ಕ್ಷಣಕ್ಕೇ ಬಾಗಿಲು ಎರಡೂ ಕಡೆ ಚೆನ್ನಾಗಿ ಹಾರಿ ತೆರೆದುಕೊಂಡಿತು. ಒಳಗೆ ಅವನು ಮುಖವಾಡದೊಳಗೆ ಉಸಿರು ಸಿಗದೆ ಬಿದ್ದಿದ್ದ. ಮುಖವಾಡ ತೆಗೆದು ನೀರು ಚಿಮುಕಿಸಿ ಎಬ್ಬಿಸಿದೆವು. ಆ ರಾತ್ರಿ ನರಸಿಂಹ ಬರದೆ, ಮಂಗಳಾರತಿ ಮಾಡಿ ನಾಟಕ ಮುಗಿಸಿದರು. ಅಣ್ಣ ಆಮೇಲೆ ಬಣ್ಣ ಹಚ್ಚಲಿಲ್ಲ. ಎಂಟು ವರ್ಷದಿಂದ ಪಾತ್ರ ಮಾಡುತ್ತಿದ್ದವನು.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಎರಡು ಸಲ ಓದಿ. ಎಲ್ಲರೂ ‘ವೈರ್ ಲೂಸ್ ಆಗಿರಬೇಕು’, ‘ಬ್ಯಾಟರಿ ಇಳಿದಿರಬೇಕು’ ಅಂದರು. ಅಲ್ಲ. ಸೊಲೆನಾಯ್ಡ್ ಸರಿಯಾಗಿಯೇ ಇತ್ತು. ಬಾಗಿಲಿನ ಭಾರವನ್ನೆಲ್ಲ ನಾನು ಆ ಪಿನ್ನಿನ ಮೇಲೆ ಹೊರಿಸಿದ್ದೆ. ಪಿನ್ನನ್ನು ಅಡ್ಡಕ್ಕೆ ಒತ್ತಿದಷ್ಟೂ ಅದು ಬಳೆಗೆ ಕಚ್ಚಿಕೊಳ್ಳುತ್ತೆ. ಕಚ್ಚಿಕೊಂಡ ಪಿನ್ನನ್ನು ಮೇಲಕ್ಕೆ ಎಳೆಯಲು ಅಷ್ಟೇ ಜಾಸ್ತಿ ಬಲ ಬೇಕು. ಆಮೇಲೊಂದು ದಿನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಳೆದೆ. ಬರೀ ಬಾಗಿಲಿನ ಸ್ಪ್ರಿಂಗ್ ಒತ್ತುತ್ತಿದ್ದಾಗ ಪಿನ್ ಕೀಳಲು ಒಂದೂವರೆ ಕೆಜಿ ಬಲ ಸಾಕಿತ್ತು. ಮೂವತ್ತು ಕೆಜಿ ಒತ್ತಡ ಕೊಟ್ಟಾಗ ಹನ್ನೊಂದು ಕೆಜಿ ಬೇಕಾಯಿತು. ನನ್ನ ಸೊಲೆನಾಯ್ಡಿನ ಶಕ್ತಿ ಎರಡೂವರೆ ಕೆಜಿ. ಅಣ್ಣ ಒಳಗಿಂದ ತಳ್ಳಿದಷ್ಟೂ ಪಿನ್ ಇನ್ನೂ ಬಿಗಿಯಾಗುತ್ತಿತ್ತು. ಹೊರಗೆ ಬರಬೇಕು ಅಂತ ಅವನು ಪಟ್ಟ ಪಾಡೇ ಅವನನ್ನು ಒಳಗೆ ಕಟ್ಟಿಹಾಕಿತ್ತು. ಒಂದೇ ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ತೆರೆದುಬಿಡುತ್ತಿತ್ತು. ಆದರೆ ಕತ್ತಲಲ್ಲಿ, ಮುಖವಾಡದೊಳಗೆ ಇರುವವನಿಗೆ ಅದನ್ನು ಯಾರು ಹೇಳಬೇಕು?

ಇನ್ನೂ ಒಂದು ವಿಷಯ ಇದೆ, ಸೊಲೆನಾಯ್ಡ್ ಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಡಬ್ಬದ ಮೇಲೆ ಬರೆದಿರುವ ಬಲ ಸಾಮಾನ್ಯವಾಗಿ ಒಳಗಿನ ಕಡ್ಡಿ ಪೂರ್ತಿ ಒಳಗೆ ಬಂದ ಮೇಲೆ ಇರುವಂಥದ್ದು. ಎಳೆತ ಶುರುವಾಗುವಾಗ, ಅಂದರೆ ಕಡ್ಡಿ ಇನ್ನೂ ಹೊರಗಿರುವಾಗ, ಅದರ ಬಲ ತುಂಬಾ ಕಡಿಮೆ. ಕಚ್ಚಿಕೊಂಡ ಪಿನ್ನಿಗೆ ಬಲ ಬೇಕಾಗುವುದು ಆ ಶುರುವಿನಲ್ಲೇ. ಇನ್ನು ವಿಂಗಿನಿಂದ ಕಂಬದವರೆಗೆ ಸಣ್ಣ ವೈರ್ ಎಳೆದು 12 ವೋಲ್ಟ್ ಅಲ್ಲಿಗೆ 9 ಆಗಿ ತಲುಪಿದರೆ, ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಆದರೂ ಇವೆಲ್ಲ ಆಮೇಲಿನ ಮಾತು. ದೊಡ್ಡ ಸೊಲೆನಾಯ್ಡ್, ದಪ್ಪ ವೈರ್ ಹಾಕಿದರೂ ಭಾರ ಪಿನ್ನಿನ ಮೇಲೇ ಇದ್ದರೆ ಒಂದು ದಿನ ಕೈಕೊಡುತ್ತೆ. ಸರ್ವೋ ಮೋಟಾರಿನ ಕತೆಯೂ ಇದೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಮೋಟಾರ್ ಅಂತಲ್ಲ, ಮೋಟಾರ್ ಯಾಕೆ ಅಂತ ಕೇಳಿಕೊಳ್ಳಿ. ಈ ಕೆಲಸಕ್ಕೆ ಹಗ್ಗ ಸಾಕು, ಅದರ ತುದಿಯಲ್ಲಿ ಒಬ್ಬ ಮನುಷ್ಯ ಇರಬೇಕು. ಹಿರಣ್ಯಕಶಿಪು ಒಂದು ದಿನ ಮೊದಲ ಏಟಿಗೇ ಮಾತು ಮುಗಿಸುತ್ತಾನೆ, ಇನ್ನೊಂದು ದಿನ ಜನ ಚಪ್ಪಾಳೆ ಹೊಡೆದರು ಅಂತ ಮೂರು ಪದ್ಯ ಹಾಡುತ್ತಾನೆ. ಹಗ್ಗ ಹಿಡಿದವನು ಅವನ ಗದೆಯನ್ನೇ ನೋಡುತ್ತಿರುತ್ತಾನೆ. ಹಗ್ಗ ಬಿಗಿಯಾದರೆ ಅವನ ಕೈಗೆ ತಿಳಿಯುತ್ತೆ. ರಿಮೋಟಿನ ಗುಂಡಿ ನಿಮಗೆ ಏನೂ ತಿಳಿಸುವುದಿಲ್ಲ.

ಹಗ್ಗ ಅಂದರೆ ಹಳೇ ಕಾಲದ್ದು ಅಂದುಕೊಳ್ಳಬೇಡಿ. ಆಂಧ್ರದ ಸುರಭಿಯವರು 1885ರಿಂದ ನಾಟಕ ಆಡುತ್ತಿದ್ದಾರೆ. ನಮ್ಮ ಬಿ.ವಿ. ಕಾರಂತರೂ ಅವರ ಜೊತೆ ನಾಟಕ ಮಾಡಿಸಿದ್ದರು. ಸುರಭಿಯವರ ‘ಮಾಯಾಬಜಾರ್’ ನೋಡಿದವರು ಮಾತಾಡುವುದು ಟ್ರಿಕ್ ಸೀನುಗಳ ಬಗ್ಗೆಯೇ. ಆ ವಿದ್ಯೆಯ ಬೇರು ಇರುವುದು ಹಗ್ಗ, ರಾಟೆ ಮತ್ತು ಪಳಗಿದ ಕೈಗಳಲ್ಲಿ.

ಮರುವರ್ಷ ನಾನು ಮಾಡಿದ ಕಂಬ ಹೀಗಿತ್ತು. ಸ್ಪ್ರಿಂಗ್ ತೆಗೆದುಹಾಕಿದೆ. ಪ್ರತಿ ಬಾಗಿಲಿಗೂ ಒಂದು ಹಗ್ಗ ಕಟ್ಟಿ, ಪಕ್ಕದ ರಾಟೆಯ ಮೇಲೆ ಹಾಯಿಸಿ, ತುದಿಗೆ ಐದು ಕೆಜಿ ಮರಳಿನ ಚೀಲ ನೇತುಹಾಕಿದೆ. ಚೀಲ ಇಳಿದರೆ ಬಾಗಿಲು ತೆರೆಯುತ್ತೆ. ಕರೆಂಟ್ ಹೋದರೂ ಮರಳು ಕೆಳಗೇ ಬೀಳುತ್ತೆ ಅಲ್ವಾ. ಬಾಗಿಲು ಬಡಿದು ವಾಪಸ್ ಬರದಂತೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆ.

ಬಾಗಿಲು ಮುಚ್ಚಿ ಹಿಡಿಯಲು ಎರಡೂ ಬಾಗಿಲಿನ ಮೇಲ್ತುದಿಯಿಂದ, ಪಾತ್ರಧಾರಿಯ ತಲೆಗಿಂತ ಮೇಲೆ, ಎರಡು ಹಗ್ಗ ಹಿಂದಕ್ಕೆ ಬಂದು ಒಂದೇ ಬಳೆಗೆ ಸೇರುತ್ತವೆ. ಆ ಬಳೆಯನ್ನು ಹಿಡಿಯುವುದು ಒಂದಡಿ ಉದ್ದದ ಕಬ್ಬಿಣದ ಪಟ್ಟಿ. ಪಟ್ಟಿಯ ಬುಡಕ್ಕೆ ಬೋಲ್ಟ್, ಅದರ ಮೇಲೆ ಅದು ತಿರುಗುತ್ತೆ. ಬಳೆ ಕೂರುವುದು ಬೋಲ್ಟಿನಿಂದ ಒಂದೇ ಇಂಚು ದೂರದಲ್ಲಿ. ಪಟ್ಟಿಯ ಮೇಲ್ತುದಿಗೆ ಇನ್ನೊಂದು ಸಣ್ಣ ಬಳೆ ತೊಡಿಸಿ ಅದನ್ನು ನೆಟ್ಟಗೆ ನಿಲ್ಲಿಸಿದೆ. ಬಾವಿಯ ಏತ ನೋಡಿದವರಿಗೆ ಇದು ಹೊಸದೇನಲ್ಲ. ದೊಡ್ಡ ಬಳೆಯ ಮೇಲೆ 36 ಕೆಜಿ ಬಿದ್ದರೂ ಹನ್ನೆರಡು ಇಂಚು ದೂರದ ಸಣ್ಣ ಬಳೆಗೆ ಬರುವುದು ಮೂರೇ ಕೆಜಿ. ಆ ಸಣ್ಣ ಬಳೆಯನ್ನು ದಾರದಿಂದ ಮೇಲಕ್ಕೆ ಜಾರಿಸಲು ಮಗುವಿನ ಕೈ ಸಾಕು. ಅದು ಜಾರಿದ ತಕ್ಷಣ ಪಟ್ಟಿ ಮುಂದಕ್ಕೆ ಬೀಳುತ್ತೆ, ದೊಡ್ಡ ಬಳೆ ತಾನಾಗಿ ಕಳಚಿಕೊಳ್ಳುತ್ತೆ. ಒಳಗಿನವನು ತಳ್ಳಿದರೆ ಈಗ ಕಳಚುವುದಕ್ಕೆ ಸಹಾಯವೇ. ಬಾಗಿಲಿನ ಕೆಳಭಾಗ ಅಲುಗಾಡದಂತೆ ಕಬೋರ್ಡಿಗೆ ಹಾಕುವ ಸಣ್ಣ ಮ್ಯಾಗ್ನೆಟ್ ಸಾಕು.

ಸಣ್ಣ ಬಳೆಗೆ ಎರಡು ದಾರ ಕಟ್ಟಿ. ಒಂದು ಹೊರಗಿನವನ ಕೈಗೆ, ಒಂದು ಒಳಗಿರುವ ನರಸಿಂಹನ ಕೈಗೆ. ಇದನ್ನು ಬಿಡಲೇಬೇಡಿ. ನೈಲಾನ್ ದಾರ ಎಳೆದರೆ ಹಿಗ್ಗುತ್ತೆ, ಹೊರಗಿನದಕ್ಕೆ ತೆಳ್ಳಗಿನ ಸ್ಟೀಲ್ ಕೇಬಲ್ ಹಾಕಿ.

ಇನ್ನೊಂದು, ಕಂಬಕ್ಕೆ ಹಿಂಭಾಗದ ಹಲಗೆಯೇ ಬೇಡ. ಕಂಬವನ್ನು ಹಿಂದಿನ ಪರದೆಗೆ ತಾಗಿಸಿ ನಿಲ್ಲಿಸಿ. ನರಸಿಂಹ ಪರದೆಯ ಸಂದಿನಿಂದ ಕೊನೆಯ ಪದ್ಯಕ್ಕೆ ಒಳಗೆ ಬರಲಿ. ಇಪ್ಪತ್ತು ನಿಮಿಷ ಯಾಕೆ ನಿಲ್ಲಬೇಕು? ಬಾಗಿಲು ತೆರೆಯದಿದ್ದರೆ ಪಕ್ಕದಿಂದ ಘರ್ಜಿಸಿಕೊಂಡು ಬರಲಿ, ನಾಟಕ ನಿಲ್ಲುವುದಿಲ್ಲ.

ಸೀಳಿದ ಹಾಗೆ ಕಾಣಲು ಬಾಗಿಲು ಸೇರುವ ಜಾಗಕ್ಕೆ ಬ್ರೌನ್ ಪೇಪರ್ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಅಂಟಿಸಿ ಕಂಬದ ಬಣ್ಣ ಬಳಿಯಿರಿ. ಹರಿಯುವಾಗ ಬರುವ ಪರ್ ಅನ್ನುವ ಸದ್ದು ಮುಂದಿನ ಸಾಲಿನವರಿಗೆ ಚೆನ್ನಾಗಿ ಕೇಳಿಸುತ್ತೆ. ವಿಂಗಿನಲ್ಲಿ ಒಬ್ಬ ದೊಡ್ಡ ತಗಡು ಹಿಡಿದು ಅಲ್ಲಾಡಿಸಿದರೆ ಗುಡುಗು. ಸದ್ದು ಬಾಗಿಲಿಗಿಂತ ಒಂದು ಚೂರು ಮುಂಚೆ ಬರಲಿ.

ಧೂಳು ಹಾರಿಸಲು ಮೈದಾ, ಅರಿಶಿನ, ಬಣ್ಣದ ಪುಡಿ ಮಾತ್ರ ಖಂಡಿತ ಬೇಡ. ನರಸಿಂಹ ಬರುವಾಗ ಹೂಕುಂಡ ಹಚ್ಚುವುದು, ದೊಂದಿಗೆ ರಾಳ ಎರಚುವುದು ರೂಢಿ ಇದೆ. ಗಾಳಿಯಲ್ಲಿ ಹರಡಿದ ಹಿಟ್ಟು ಭಗ್ ಅಂತ ಹೊತ್ತಿಕೊಳ್ಳುತ್ತೆ. 2015ರ ಜೂನ್‌ನಲ್ಲಿ ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಬಣ್ಣದ ಪುಡಿ ಹೀಗೇ ಹೊತ್ತಿ 15 ಜನ ತೀರಿಕೊಂಡರು. ಜರಡಿ ಹಿಡಿದ ಒಂದು ಬೊಗಸೆ ಕೆಮ್ಮಣ್ಣನ್ನು ಬಾಗಿಲಿನ ಮೇಲಂಚಿನಲ್ಲಿ, ಹೊರಗೆ ಬೀಳುವಂತೆ ಇಡಿ. ಅದೇ ಸಾಕು. ಥರ್ಮಾಕೋಲೂ ಬೇಡ, ಬೆಂಕಿ ಕಂಡರೆ ಕರಗಿ ಮೈಗೆ ಅಂಟುತ್ತೆ.

ಕಂಬ ಸಿದ್ಧವಾದ ಮೇಲೆ ಖಾಲಿ ಕಂಬವನ್ನು ಪರೀಕ್ಷೆ ಮಾಡಬೇಡಿ. ಪೂರ್ತಿ ವೇಷದಲ್ಲಿ ಒಬ್ಬರನ್ನು ಒಳಗೆ ನಿಲ್ಲಿಸಿ, ಬಾಗಿಲಿಗೆ ಒರಗಿಸಿ, ಇಪ್ಪತ್ತು ಸಲ ತೆರೆಸಿ.

ಮರುವರ್ಷ ನಮ್ಮೂರಲ್ಲಿ ನರಸಿಂಹ ಬೇರೆ ಹುಡುಗ. ನಾಟಕದ ದಿನ ಸಂಜೆ, ಸೀನರಿ ಕಟ್ಟುವ ಹೊತ್ತಿಗೆ, ಅಣ್ಣ ಯಾರನ್ನೂ ಕೇಳದೆ ಸ್ಟೇಜ್ ಹತ್ತಿ ಬಂದ. ಹಿಂದಿನಿಂದ ಕಂಬದೊಳಗೆ ಹೋಗಿ ಬಾಗಿಲಿಗೆ ಮೈಯೆಲ್ಲ ಒರಗಿಸಿ ನಿಂತ. ‘ಎಳಿಯಪ್ಪ’ ಅಂದ. ಎಳೆದೆ. ತೆರೆಯಿತು. ಮತ್ತೆ ಮುಚ್ಚಿಸಿದ. ಎರಡೂ ಕೈ ಕೊಟ್ಟು ಜೋರಾಗಿ ತಳ್ಳಿಕೊಂಡು ನಿಂತು, ಒಳಗಿನ ದಾರ ತಾನೇ ಎಳೆದ. ಅದೂ ತೆರೆಯಿತು. ನಾಲ್ಕು ಸಲ ಹಾಗೇ ಮಾಡಿ, ಅಂಗಿಯ ಮೇಲಿನ ಕೆಮ್ಮಣ್ಣು ಕೊಡವಿಕೊಂಡು ಕೆಳಗಿಳಿದು ಹೋದ. ರಾತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದ.

ನಿಮ್ಮ ಕಂಬದ ಎತ್ತರ, ಅಗಲ ಮತ್ತು ನರಸಿಂಹನ ಪಾತ್ರದವರ ತೂಕ ಇಲ್ಲೇ ಬರೆಯಿರಿ. ಪಟ್ಟಿ ಎಷ್ಟುದ್ದ ಇರಬೇಕು, ಬಳೆ ಎಲ್ಲಿ ಕೂರಬೇಕು ಅಂತ ಅಳತೆ ಹಾಕಿ ಕೊಡುತ್ತೇನೆ.