ಪ್ರಶ್ನೋತ್ತರ: ಕುಬರ್ನೆಟೀಸ್‌ಗೆ ಇನ್‌ಗ್ರೆಸ್ ಕಂಟ್ರೋಲರ್ ಹಾಕುವಾಗ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಮೂರು ಹಳೆಯ ಸರ್ವರ್‌ಗಳ ಮೇಲೆ ಕ್ಯೂಬ್‌ಅಡ್ಮ್ ಎಂಬ ಸಾಧನದಿಂದ ಕುಬರ್ನೆಟೀಸ್ (ಕಂಟೇನರ್‌ಗಳನ್ನು ಹಲವು ಯಂತ್ರಗಳ ಮೇಲೆ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಕ್ಲಸ್ಟರ್ ಕಟ್ಟಿದ್ದೇವೆ. ಹೊರಗಿನಿಂದ ಬರುವ ರಿಕ್ವೆಸ್ಟ್‌ಗಳನ್ನು ಡೊಮೈನ್ ಹೆಸರು ನೋಡಿ ಬೇರೆ ಬೇರೆ ಸರ್ವಿಸ್‌ಗಳಿಗೆ ಕಳಿಸಬೇಕು, ಅಂದರೆ ಇನ್‌ಗ್ರೆಸ್ ಕಂಟ್ರೋಲರ್ ಬೇಕು. ಸಿಕ್ಕ ಟ್ಯುಟೋರಿಯಲ್‌ಗಳೆಲ್ಲ ಇನ್‌ಗ್ರೆಸ್-ಎಂಜಿನ್‌ಎಕ್ಸ್ ಹಾಕಿ ಅನ್ನುತ್ತವೆ. ಅದನ್ನೇ ಹಾಕೋಣವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹೊಸ ಕ್ಲಸ್ಟರ್‌ಗೆ ಅದು ಬೇಡ. ಕುಬರ್ನೆಟೀಸ್ ಸಮುದಾಯವೇ ನಡೆಸುತ್ತಿದ್ದ ಆ ಯೋಜನೆಯನ್ನು ನಿಲ್ಲಿಸುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ನಿರ್ವಹಣೆಗೆ ಕೊಟ್ಟ ಗಡುವು 2026ರ ಮಾರ್ಚ್. ಅಲ್ಲಿಂದಾಚೆ ಭದ್ರತಾ ಪ್ಯಾಚ್ ಕೂಡ ಬರುವುದಿಲ್ಲ. ಹಾಕಿದ್ದು ಕೆಟ್ಟು ನಿಲ್ಲುವುದಿಲ್ಲ, ಮೊದಲಿನಂತೆಯೇ ಓಡುತ್ತಿರುತ್ತದೆ. ಹಾಗಾಗಿ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ, ಅಪಾಯ ಇರುವುದೇ ಅಲ್ಲಿ. 2025ರ ಮಾರ್ಚ್‌ನಲ್ಲಿ ಇದರ ಅಡ್ಮಿಷನ್ ವೆಬ್‌ಹುಕ್‌ನಲ್ಲಿ (ಹೊಸ ಇನ್‌ಗ್ರೆಸ್ ನಿಯಮಗಳನ್ನು ಒಪ್ಪುವ ಮುನ್ನ ಪರೀಕ್ಷಿಸುವ ಭಾಗ) ಸಿಕ್ಕ ದೋಷಕ್ಕೆ 10ರಲ್ಲಿ 9.8ರ ತೀವ್ರತೆ ಕೊಟ್ಟಿದ್ದರು. ಪಾಡ್‌ಗಳ (ಕಂಟೇನರ್‌ಗಳು ಓಡುವ ಘಟಕಗಳ) ನೆಟ್‌ವರ್ಕ್ ಮುಟ್ಟಬಲ್ಲ ಯಾರೇ ಆಗಲಿ, ಲಾಗಿನ್ ಇಲ್ಲದೆ ಕಂಟ್ರೋಲರ್‌ನೊಳಗೆ ತಮ್ಮ ಕೋಡ್ ಓಡಿಸಬಹುದಿತ್ತು. ಅಂಥದ್ದು ಇನ್ನೊಮ್ಮೆ ಬಂದರೆ ತಿದ್ದುವವರಿಲ್ಲ. (ಎಫ್5 ಕಂಪನಿಯ ಎಂಜಿನ್‌ಎಕ್ಸ್ ಇನ್‌ಗ್ರೆಸ್ ಕಂಟ್ರೋಲರ್ ಬೇರೆ ಉತ್ಪನ್ನ. ಅದನ್ನು ನಿಲ್ಲಿಸಿಲ್ಲ. ಇನ್‌ಗ್ರೆಸ್‌ಗೆ ಅಂಟಿಸುವ ಸೆಟ್ಟಿಂಗ್‌ಗಳಾದ ಆನೊಟೇಷನ್‌ಗಳೂ ಬೇರೆ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.)

ನಿಮ್ಮಂಥ ಸಣ್ಣ ಕ್ಲಸ್ಟರ್‌ಗೆ ಟ್ರೇಫಿಕ್ (Traefik) ಎಂಬ ಕಂಟ್ರೋಲರ್ ಸಾಕು. ಇಂದು ಇನ್‌ಗ್ರೆಸ್ (ಯಾವ ಡೊಮೈನ್ ಯಾವ ಸರ್ವಿಸ್‌ಗೆ ಎಂಬ ನಿಯಮ) ಬರೆದು, ನಾಳೆ ಅದರ ಹೊಸ ರೂಪವಾದ ಗೇಟ್‌ವೇ ಎಪಿಐಗೆ ಹೋಗಬೇಕೆಂದರೂ ಕಂಟ್ರೋಲರ್ ಬದಲಿಸಬೇಕಿಲ್ಲ. ಹೆಲ್ಮ್‌ಗೆ (ಕುಬರ್ನೆಟೀಸ್‌ನ ಪ್ಯಾಕೇಜ್ ಮ್ಯಾನೇಜರ್) ಟ್ರೇಫಿಕ್‌ನ ಅಧಿಕೃತ ಚಾರ್ಟ್ (ಇನ್‌ಸ್ಟಾಲ್ ಪ್ಯಾಕೇಜ್) ರೆಪೊ ಸೇರಿಸಿ, ಪ್ರತ್ಯೇಕ ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ವಿಭಾಗ) ಮಾಡಿ, ಅದರೊಳಗೆ ಇನ್‌ಸ್ಟಾಲ್ ಮಾಡಿ. ಚಾರ್ಟ್‌ನ ಆವೃತ್ತಿ ಸಂಖ್ಯೆಯನ್ನು ಕಮಾಂಡ್‌ನಲ್ಲೇ ಬರೆಯಿರಿ. ಬರೆಯದಿದ್ದರೆ ಆರು ತಿಂಗಳ ನಂತರದ ಅಪ್‌ಗ್ರೇಡ್ ನಿಮ್ಮನ್ನು ಕೇಳದೆಯೇ ದೊಡ್ಡ ಆವೃತ್ತಿಗೆ ಜಿಗಿಯಬಹುದು. ವ್ಯಾಲ್ಯೂಸ್ ಫೈಲ್‌ನಲ್ಲಿ ರೆಪ್ಲಿಕಾ (ಪಾಡ್‌ನ ಪ್ರತಿಗಳು) 1 ಇರುವುದನ್ನು 2 ಮಾಡಿ, ಎರಡೂ ಒಂದೇ ನೋಡ್ (ಕ್ಲಸ್ಟರ್‌ನ ಯಂತ್ರ) ಮೇಲೆ ಕೂರದಂತೆ ಪಾಡ್ ಆಂಟಿ-ಅಫಿನಿಟಿ ಹಾಕಿ.

ಪ್ರಶ್ನೆ: ಕಂಟ್ರೋಲರ್ ಪಾಡ್‌ಗಳು ರನ್ನಿಂಗ್ ತೋರಿಸುತ್ತವೆ, ಆದರೆ ಸರ್ವಿಸ್‌ನ ಎಕ್ಸ್‌ಟರ್ನಲ್ ಐಪಿ ಗಂಟೆಗಟ್ಟಲೆ ‘ಪೆಂಡಿಂಗ್’ ಅಂತಲೇ ಇದೆ. ಅಳಿಸಿ ಮತ್ತೆ ಹಾಕಿದರೂ ಅದೇ ಕಥೆ.
– ಓದುಗರು, ಮೈಸೂರು

ಉತ್ತರ: ಎಷ್ಟು ಸಲ ಮರುಇನ್‌ಸ್ಟಾಲ್ ಮಾಡಿದರೂ ಅದು ಹಾಗೇ ಇರುತ್ತದೆ. ಸರ್ವಿಸ್‌ನ ಬಗೆ ‘ಲೋಡ್‌ಬ್ಯಾಲೆನ್ಸರ್’. ಕ್ಲೌಡ್‌ನಲ್ಲಾದರೆ ಐಪಿ ಕೊಡುವ ಕೆಲಸ ಕ್ಲೌಡ್‌ನದು. ಸ್ವಂತ ಯಂತ್ರಗಳಲ್ಲಿ ಕೊಡುವವರು ಯಾರೂ ಇಲ್ಲ. ಆ ಕೆಲಸಕ್ಕೆ ಮೆಟಲ್‌ಎಲ್‌ಬಿ ಹಾಕಬೇಕು.

ಮೊದಲು ರೂಟರ್ ತೆರೆದು ಡಿಎಚ್‌ಸಿಪಿ ಯಾವ ವ್ಯಾಪ್ತಿಯಲ್ಲಿ ವಿಳಾಸ ಹಂಚುತ್ತಿದೆ ನೋಡಿ. ಅದು 192.168.1.100ರಿಂದ 200ರವರೆಗೆ ಇದ್ದರೆ, ಮೆಟಲ್‌ಎಲ್‌ಬಿಗೆ 192.168.1.240ರಿಂದ 250 ಕೊಡಿ. ಎರಡೂ ಒಂದರ ಮೇಲೊಂದು ಬಂದರೆ, ಒಂದು ದಿನ ಯಾರದೋ ಫೋನ್ ನಿಮ್ಮ ವೆಬ್‌ಸೈಟಿನ ಐಪಿ ಹಿಡಿದು ಕೂರುತ್ತದೆ. ಅಂಥ ದೋಷವನ್ನು ಹುಡುಕಿ ತೆಗೆಯುವುದು ಪ್ರಾಣಸಂಕಟ.

ಆಮೇಲೆ ಬರೆಯಬೇಕಾದ್ದು ಎರಡು ರಿಸೋರ್ಸ್: ಐಪಿ-ಅಡ್ರೆಸ್-ಪೂಲ್ ಮತ್ತು ಎಲ್2-ಅಡ್ವರ್ಟೈಸ್‌ಮೆಂಟ್. ಹೆಚ್ಚಿನವರು ಮೊದಲನೆಯದನ್ನು ಬರೆದು, ಐಪಿ ಬಂದಿತೆಂದು ಖುಷಿಪಟ್ಟು, ಎರಡನೆಯದನ್ನು ಮರೆಯುತ್ತಾರೆ. ಆಗ ಪಟ್ಟಿಯಲ್ಲಿ ಐಪಿ ಕಾಣುತ್ತದೆ, ಆದರೆ ‘ಈ ಐಪಿ ಯಾರದು’ ಎಂಬ ಎಆರ್‌ಪಿ ಪ್ರಶ್ನೆಗೆ ಯಾವ ನೋಡ್ ಕೂಡ ಉತ್ತರಿಸುವುದಿಲ್ಲ, ಬ್ರೌಸರ್ ಸುಮ್ಮನೆ ಕಾಯುತ್ತದೆ. ಕ್ಯೂಬ್-ಪ್ರಾಕ್ಸಿ (ಸರ್ವಿಸ್‌ಗೆ ಬಂದದ್ದನ್ನು ಪಾಡ್‌ಗಳಿಗೆ ಕಳಿಸುವ ಭಾಗ) ಐಪಿವಿಎಸ್ ಮೋಡ್‌ನಲ್ಲಿದ್ದರೆ ಅದರ ಕಾನ್ಫಿಗ್‌ಮ್ಯಾಪ್‌ನಲ್ಲಿ ‘ಸ್ಟ್ರಿಕ್ಟ್ ಎಆರ್‌ಪಿ’ಯನ್ನು ಟ್ರೂ ಮಾಡಿ. ನೋಡ್‌ಗಳ ನಡುವೆ ಫೈರ್‌ವಾಲ್ ಇದ್ದರೆ ಮೆಟಲ್‌ಎಲ್‌ಬಿ ಬಳಸುವ 7946 ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ.

ಐಪಿ ಬಂದ ಮೇಲೆ ಪಿಂಗ್ ಮಾಡಿ ಪರೀಕ್ಷಿಸಬೇಡಿ. ಪಿಂಗ್‌ಗೆ ಉತ್ತರ ಬಾರದೆಯೂ 80ನೇ ಪೋರ್ಟ್ ಸರಿಯಾಗಿಯೇ ಓಡುತ್ತಿರಬಹುದು. ಕರ್ಲ್ ಕಮಾಂಡ್‌ನಿಂದ ನೋಡಿ. ಇನ್‌ಗ್ರೆಸ್ ಇನ್ನೂ ಬರೆಯದಿರುವಾಗ ಟ್ರೇಫಿಕ್‌ನಿಂದ 404 ಬಂದರೆ ಅದು ಶುಭ ಸುದ್ದಿ, ರಿಕ್ವೆಸ್ಟ್ ಕಂಟ್ರೋಲರ್‌ವರೆಗೆ ತಲುಪಿದೆ ಎಂದರ್ಥ. ಒಂದು ಮಾತು: ಎಲ್2 ವಿಧಾನದಲ್ಲಿ ಒಂದು ಐಪಿಗೆ ಬರುವ ರಿಕ್ವೆಸ್ಟ್‌ಗಳೆಲ್ಲವೂ ಒಂದೇ ನೋಡ್‌ಗೆ ಬಂದು ಇಳಿಯುತ್ತದೆ. ಆ ನೋಡ್ ಬಿದ್ದರೆ ಇನ್ನೊಂದು ವಹಿಸಿಕೊಳ್ಳುತ್ತದೆ, ಅಷ್ಟೇ. ಹೊರೆ ಹಂಚಿಕೆ ಇದರಲ್ಲಿಲ್ಲ.

ಪ್ರಶ್ನೆ: ಎರಡು ಇನ್‌ಗ್ರೆಸ್ ಬರೆದಿದ್ದೇನೆ. ಒಂದು 404 ಕೊಡುತ್ತದೆ, ಇನ್ನೊಂದು 503. ಎರಡರ ಪಾಡ್‌ಗಳೂ ಓಡುತ್ತಿವೆ. ಕಂಟ್ರೋಲರ್ ಕೆಟ್ಟಿದೆಯೇ?
– ಓದುಗರು, ಮಂಗಳೂರು

ಉತ್ತರ: ಕಂಟ್ರೋಲರ್ ಕೆಡುವುದು ಅಪರೂಪ. 404 ಬಂತೆಂದರೆ ಅದಕ್ಕೆ ಹೊಂದುವ ನಿಯಮ ಸಿಗಲಿಲ್ಲ. 503 ಬಂತೆಂದರೆ ನಿಯಮ ಸಿಕ್ಕಿದೆ, ಹಿಂದೆ ಕೆಲಸ ಮಾಡುವ ಪಾಡ್ ಸಿಗಲಿಲ್ಲ.

404ಕ್ಕೆ ಹೋಸ್ಟ್ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಆಮೇಲೆ ಇನ್‌ಗ್ರೆಸ್-ಕ್ಲಾಸ್-ನೇಮ್ ನೋಡಿ. ಹಳೆಯ ಟ್ಯುಟೋರಿಯಲ್‌ನಿಂದ ನಕಲು ಮಾಡಿದ ಫೈಲ್‌ನಲ್ಲಿ ಅದು ‘ಎಂಜಿನ್‌ಎಕ್ಸ್’ ಎಂದೇ ಉಳಿದಿರುತ್ತದೆ, ಟ್ರೇಫಿಕ್ ಅದು ತನಗಲ್ಲವೆಂದು ಬಿಟ್ಟುಬಿಡುತ್ತದೆ. ಪಾತ್ ಟೈಪ್ ‘ಎಕ್ಸಾಕ್ಟ್’ ಇದ್ದರೆ ಕೊನೆಯ ಸ್ಲ್ಯಾಶ್ ಒಂದೇ ಸಾಕು ತಪ್ಪಿಸಲು. ಕುಬರ್ನೆಟೀಸ್ ನಿಯಮದಂತೆ ‘ಪ್ರಿಫಿಕ್ಸ್’ ಹೋಲಿಸಬೇಕಾದ್ದು ಸ್ಲ್ಯಾಶ್‌ಗಳ ನಡುವಿನ ಪೂರ್ತಿ ಪದವನ್ನು, ಆದರೆ ಟ್ರೇಫಿಕ್ ಡಿಫಾಲ್ಟಾಗಿ ಅಕ್ಷರಗಳನ್ನಷ್ಟೇ ಹೋಲಿಸುತ್ತದೆ.

503ಕ್ಕೆ ಆ ಸರ್ವಿಸ್‌ನ ಎಂಡ್‌ಪಾಯಿಂಟ್ ಸ್ಲೈಸ್ (ಅದರ ಹಿಂದಿನ ಪಾಡ್‌ಗಳ ವಿಳಾಸಪಟ್ಟಿ) ತೆಗೆದು ನೋಡಿ. ಖಾಲಿ ಇದ್ದರೆ ಕಾರಣ ಎರಡರಲ್ಲೊಂದು. ಸರ್ವಿಸ್‌ನ ಸೆಲೆಕ್ಟರ್‌ಗೂ ಪಾಡ್‌ನ ಲೇಬಲ್‌ಗೂ ತಾಳೆಯಿಲ್ಲ, ಇಲ್ಲವೇ ರೆಡಿನೆಸ್ ಪ್ರೋಬ್ (ಪಾಡ್ ಸಿದ್ಧವೇ ಎಂಬ ತಪಾಸಣೆ) ಸೋಲುತ್ತಿದೆ. ಎರಡನೆಯದಾದರೆ ಪಾಡ್ ‘ರನ್ನಿಂಗ್’ ಎಂದೇ ತೋರಿಸಿದರೂ ಪಕ್ಕದ ರೆಡಿ ಕಾಲಮ್‌ನಲ್ಲಿ 0/1 ಇರುತ್ತದೆ. ಎಷ್ಟೋ ಜನರ ಕಣ್ಣು ಅತ್ತ ಹೋಗುವುದೇ ಇಲ್ಲ. ಬ್ಯಾಕೆಂಡ್‌ನ ಪೋರ್ಟನ್ನೂ ನೋಡಿ. ಇನ್‌ಗ್ರೆಸ್‌ನಲ್ಲಿ ಬರೆಯಬೇಕಾದ್ದು ಸರ್ವಿಸ್‌ನ ಪೋರ್ಟ್. ಸರ್ವಿಸ್ 80ರಲ್ಲಿದ್ದು ಕಂಟೇನರ್ 8080ರಲ್ಲಿ ಕೇಳುತ್ತಿದ್ದರೆ ಇನ್‌ಗ್ರೆಸ್‌ನಲ್ಲಿ 80 ಎಂದಿರಬೇಕು. ಇನ್‌ಗ್ರೆಸ್ ಮತ್ತು ಸರ್ವಿಸ್ ಒಂದೇ ನೇಮ್‌ಸ್ಪೇಸ್‌ನಲ್ಲಿರಲಿ.

ಪ್ರಶ್ನೆ: ಸರ್ಟಿಫಿಕೇಟ್ ಹಾಕಿದ್ದೇನೆ, ಆದರೂ ಬ್ರೌಸರ್ ‘ಟ್ರೇಫಿಕ್ ಡಿಫಾಲ್ಟ್ ಸರ್ಟ್’ ಎಂದು ತೋರಿಸಿ ಎಚ್ಚರಿಸುತ್ತದೆ.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಡೊಮೈನ್‌ಗೆ ಹೊಂದುವ ಸರ್ಟಿಫಿಕೇಟ್ ಟ್ರೇಫಿಕ್‌ಗೆ ಸಿಗದಿದ್ದಾಗ ಅದು ತಾನೇ ತಯಾರಿಸಿಕೊಂಡದ್ದನ್ನು ಕೊಡುತ್ತದೆ. ಸರ್ಟಿಫಿಕೇಟ್ ಇಟ್ಟಿರುವ ಸೀಕ್ರೆಟ್ ಬೇರೆ ನೇಮ್‌ಸ್ಪೇಸ್‌ನಲ್ಲಿರಬಹುದು, ಹೆಸರಿನಲ್ಲಿ ಕಾಗುಣಿತ ತಪ್ಪಿರಬಹುದು, ಇಲ್ಲವೇ ಸರ್ಟಿಫಿಕೇಟ್ ಬೇರೆ ಡೊಮೈನ್‌ನದಾಗಿರಬಹುದು. ಟ್ರೇಫಿಕ್ ಪಾಡ್‌ನ ಲಾಗ್‌ನಲ್ಲಿ ಸೀಕ್ರೆಟ್‌ನ ಹೆಸರು ಹುಡುಕಿ. ಸರ್ಟ್-ಮ್ಯಾನೇಜರ್ ಎಂಬ ಸಾಧನದಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಪಡೆಯುತ್ತಿದ್ದರೆ, ವೆಬ್ ಮೂಲಕ ಡೊಮೈನ್ ನಿಮ್ಮದೆಂದು ದೃಢಪಡಿಸುವ ಎಚ್‌ಟಿಟಿಪಿ-01 ವಿಧಾನಕ್ಕೆ ಇಂಟರ್‌ನೆಟ್‌ನಿಂದ 80ನೇ ಪೋರ್ಟ್ ತಲುಪುವಂತಿರಬೇಕು; 443 ಮಾತ್ರ ತೆರೆದರೆ ಆಗದು. ಕ್ಲಸ್ಟರ್ ಆಫೀಸಿನ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಸಿಗುವಂಥದ್ದಾದರೆ ಡಿಎನ್‌ಎಸ್ ದಾಖಲೆಯಿಂದ ಅದನ್ನೇ ದೃಢಪಡಿಸುವ ಡಿಎನ್‌ಎಸ್-01 ಹಿಡಿಯಿರಿ.